ಮುಚ್ಚಳ ಒಡೆಯದ ಬಾಟಲಿಗಳು

ಆ ಬುಧವಾರವೂ ಉಳಿದ ಬುಧವಾರಗಳ ಹಾಗೆ ನಾಲ್ಕೂವರೆಗೆ ಆರಂಭವಾಯಿತು. ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ಏಸಿಯ ನೀರು ತೊಟ್ಟಿಕ್ಕಿ ಬಕೆಟ್ ಅರ್ಧ ತುಂಬಿರುತ್ತಿತ್ತು; ಮೊದಲು ಅದನ್ನು ಚೆಲ್ಲಬೇಕು. ಆಮೇಲೆ ಹಾಲಿನ ಪುಡಿ ಕಲಸಿ ಚಹಾಕ್ಕಿಟ್ಟು, ಮಕ್ಕಳಿಬ್ಬರ ಡಬ್ಬಿಗೆ ಚಪಾತಿ ಸುತ್ತಿಟ್ಟು, ನಮ್ಮವರ ಅಂಗಿಗೆ ಇಸ್ತ್ರಿ ಹಾಕಿ, ಶಿಲುಬೆಯ ಗುರುತು ಮಾಡಿಕೊಂಡು ಕ್ಯಾನ್‌ವಾಸ್ ಬೂಟಿನ ಲೇಸು ಬಿಗಿಯುವಷ್ಟರಲ್ಲಿ ಐದೂಕಾಲು. ಚೀಲದಲ್ಲಿ ಸೀಟಿ, ಹೆಸರುಗಳ ಪಟ್ಟಿ, ಬ್ಯಾಂಡೇಜು, ಉಪ್ಪು ಸಕ್ಕರೆ ಬೆರೆಸಿದ ಪೊಟ್ಟಣಗಳು, ಆರು ಲಿಂಬೆಹಣ್ಣು ಇವೆಯೇ ಎಂದು ನೋಡಿಕೊಳ್ಳುವುದು. "ಗ್ಯಾಸ್ ಬಂದ್ ಮಾಡಿದ್ದೀಯಾ?" ಎಂದು ನಮ್ಮವರು ಹಾಸಿಗೆಯಿಂದಲೇ ಕೇಳುವುದು. ಮಾಡಿದ್ದೇನೆ ಎಂದು ಹೇಳಿ, ಮತ್ತೊಮ್ಮೆ ಹೋಗಿ ನೋಡಿ, ಮೆಟ್ಟಿಲಿಳಿಯುವುದು.

ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ನನ್ನನ್ನು ಕೇಳುತ್ತಾರೆ, ಆಂಟಿ, ನೀವು ಆ ಕಾಲದಲ್ಲೇ ಹೆಂಗಸರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದಿರಂತೆ, ಎಷ್ಟು ಚಂದ ಇದ್ದಿರಬೇಕು ಅಲ್ಲವಾ ಎಂದು. ಚಂದ ಇತ್ತು. ಆದರೆ ಹನ್ನೊಂದು ಚಳಿಗಾಲಗಳಲ್ಲಿ ನಾನು ಬೆಟ್ಟ ನೋಡಿದ್ದು ಕಡಿಮೆ. ಹೆಂಗಸರ ಚಪ್ಪಲಿಗಳನ್ನು ನೋಡಿದ್ದು ಹೆಚ್ಚು. ಬೂಟು ಹಾಕಿಕೊಂಡು ಬನ್ನಿ ಎಂದು ಬರೆದು ಕೊಟ್ಟರೂ ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿ ಬಂದು, "ಇದು ಅಭ್ಯಾಸ ಉಂಟು, ಬಾಯಿ" ಎನ್ನುವವರೊಂದಿಗೆ ಕಲ್ಲುದಾರಿ ಏರಿದವರಿಗೆ ಮಾತ್ರ ನನ್ನ ಮಾತು ಅರ್ಥವಾದೀತು.

ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಮಸ್ಕತ್ತಿಗೆ ಬಂದು, ಹತ್ತು ವರ್ಷ ಮನೆ ಮಕ್ಕಳು ಎಂದಿದ್ದವಳು ನಾನು. ಎಂಬತ್ತರ ದಶಕದ ಕೊನೆಗೆ ಇಲ್ಲಿಯ ಒಂದು ಸಣ್ಣ ಪ್ರವಾಸ ಕಚೇರಿಗೆ ಮಿಸೆಸ್ ಬಾರ್ಕರ್ ಎಂಬ ಇಂಗ್ಲಿಷ್ ಹೆಂಗಸು ಬಂದರು. ತಮ್ಮ ದೇಶದ ಹಳ್ಳಿಗಾಡಿನಲ್ಲಿ ಬರೇ ಹೆಂಗಸರ ಗುಂಪುಗಳನ್ನು ವಾರಗಟ್ಟಲೆ ನಡೆಸಿಕೊಂಡು ಹೋಗಿ ಅನುಭವವಿದ್ದವರು. ಅದನ್ನೇ ಇಲ್ಲಿಯೂ ಮಾಡುವುದು ಅವರ ಯೋಚನೆ. ಬೇರೆ ಬೇರೆ ಭಾಷೆಯ ಹೆಂಗಸರೊಡನೆ ಮಾತಾಡಬಲ್ಲ ಒಬ್ಬಳು ಬೇಕಿತ್ತು. ಇಗರ್ಜಿಯಲ್ಲಿ ಯಾರೋ ನನ್ನ ಹೆಸರು ಹೇಳಿದರು. ಮಕ್ಕಳು ಶಾಲೆಯಿಂದ ಬರುವಾಗ ಯಾರಾದರೂ ಮನೆಯಲ್ಲಿರಬೇಕಲ್ಲ ಎಂದು ನಮ್ಮವರು ಗೊಣಗಿದರೂ ಬುಧವಾರ ಒಂದು ದಿನ ತಾನೇ ಎಂದು ಒಪ್ಪಿದರು.

ಮಿಸೆಸ್ ಬಾರ್ಕರ್ ಒಳ್ಳೆಯವರೇ. ಆದರೆ ಅವರ ಕೈಯಲ್ಲಿ ಒಂದು ನಿಯಮಗಳ ಪುಸ್ತಕ ಇತ್ತು, ಇಂಗ್ಲೆಂಡಿನಲ್ಲಿ ಬರೆದದ್ದು. ಪ್ರತಿಯೊಬ್ಬರೂ ರೇನ್‌ಕೋಟು ತರಬೇಕು. ಹೊಲ ದಾಟುವಾಗ ಗೇಟು ಮುಚ್ಚಬೇಕು. ಕುರಿಗಳನ್ನು ಬೆದರಿಸಬಾರದು. ನಿಜ್ವಾ ಊರಿನ ಆಚೆಯ ಒಣ ಬೆಟ್ಟದಲ್ಲಿ ನಾನು ಎಲ್ಲಿಯ ಗೇಟು ಮುಚ್ಚಲಿ? ಮಳೆ ನೋಡದೆ ಎರಡು ವರ್ಷವಾಗಿತ್ತು ನಮಗೆ. ಆದರೂ ಮೊದಲ ಚಳಿಗಾಲ ಪೂರ್ತಿ ಪಟ್ಟಿಯಲ್ಲಿ ರೇನ್‌ಕೋಟಿನ ಎದುರು ಟಿಕ್ ಹಾಕುತ್ತಾ ಹೋದೆ. ಹೇಳಿದ್ದನ್ನು ಮಾಡುವುದು ಕಾನ್ವೆಂಟಿನಲ್ಲಿ ಕಲಿತ ಪಾಠ. ಬಿಡಲು ನನಗೆ ಬಹಳ ವರ್ಷ ಹಿಡಿಯಿತು.

ಒಂದು ಬೇಸಿಗೆಯಲ್ಲಿ ತರಬೇತಿ ಎಂದು ನನ್ನನ್ನು ಏಳು ದಿನ ಇಂಗ್ಲೆಂಡಿಗೂ ಕರೆದೊಯ್ದರು. ಏಳು ದಿನವೂ ಜಿಟಿಜಿಟಿ. ಅರುವತ್ತು ದಾಟಿದ ಎಂಟು ಹೆಂಗಸರು ಕೋಲು ಊರಿಕೊಂಡು, ಬೇಲಿ ಹತ್ತಿ ಇಳಿದು, ಕೆಸರು ತುಳಿದು ನಡೆದದ್ದೇ ನಡೆದದ್ದು. ಹನ್ನೊಂದಕ್ಕೆ ಒಂದು ಹೋಟೆಲು, ಒಂದೂವರೆಗೆ ಸೂಪು ಕುಡಿಯಲು ಇನ್ನೊಂದು, ಮೂರೂವರೆಗೆ ಚಹಾದ ಅಂಗಡಿ. ಒಳಗೆ ಹೋದೊಡನೆ ಎಲ್ಲರೂ ಕೋಟು ಬಿಚ್ಚಿ, ಒಬ್ಬರ ಹಿಂದೆ ಒಬ್ಬರು ಹಿಂದಿನ ಬಾಗಿಲಿಗೆ ಹೋಗಿ ಬರುತ್ತಿದ್ದರು. ನಾನೂ ಹೋಗಿ ಬಂದೆ. ಹೂವುಗಳ ಹೆಸರು, ಹಕ್ಕಿಗಳ ಹೆಸರು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಹಿಂದಿನ ಬಾಗಿಲಿನ ಬಗ್ಗೆ ಒಂದಕ್ಷರ ಬರೆಯಲಿಲ್ಲ.

ನಮ್ಮ ಗುಂಪಿನದು ವಿಚಿತ್ರ ತೊಂದರೆ. ಪ್ರತಿಯೊಬ್ಬಳೂ ಒಂದೂವರೆ ಲೀಟರಿನ ನೀರಿನ ಬಾಟಲಿ ತರಬೇಕೆಂದು ನಿಯಮ. ತರುತ್ತಿದ್ದರು, ತಪ್ಪದೆ. ಸಂಜೆ ಹಾಗೆಯೇ ತುಂಬಿದ ಬಾಟಲಿ ಹಿಡಿದು ಮನೆಗೆ ಹೋಗುತ್ತಿದ್ದರು. ಹೋಗುವಾಗ ತಲೆನೋವು, ಗಾಡಿಯಲ್ಲಿ ವಾಂತಿ. "ನೀರು ಕುಡೀರಿ" ಎಂದು ನಾನು ಅರ್ಧ ಗಂಟೆಗೊಮ್ಮೆ ಸೀಟಿ ಊದಿ ಹೇಳಿದರೆ ಎಲ್ಲರೂ ಆಜ್ಞಾಧಾರಕರಾಗಿ ಬಾಟಲಿ ಎತ್ತಿ ತುಟಿಗೆ ತಾಗಿಸುತ್ತಿದ್ದರು. ಗಂಟಲು ಮಾತ್ರ ಅಲುಗುತ್ತಿರಲಿಲ್ಲ. ನಾನು ಮಿಸೆಸ್ ಬಾರ್ಕರರಿಗೆ ಹೇಳಿದೆ. ಅವರು, "ಇನ್ನೂ ಗಟ್ಟಿಯಾಗಿ ಹೇಳಿ, ಐರಿನ್" ಎಂದರು. ಗಟ್ಟಿಯಾಗಿ ಹೇಳಿದೆ. ಬಾಟಲಿಗಳು ಇನ್ನೂ ಎತ್ತರಕ್ಕೆ ಎದ್ದವು, ಅಷ್ಟೇ.

ಆ ಬುಧವಾರ ನಾವು ಒಂಬತ್ತು ಜನ, ಎರಡು ಗಾಡಿ. ಎದುರಿನ ಗಾಡಿಯ ಚಾಲಕ ಸಲೀಂ, ನಮ್ಮ ಹಳೆಯ ಮನುಷ್ಯ, ನಮ್ಮೊಂದಿಗೆ ಹಿಂದಿಯಲ್ಲೇ ಮಾತು. ಗುಂಪಿನ ಕಟ್ಟಕಡೆಗೆ ನಡೆಯಲು ಹಿಲ್ಡಾ ಬಾಯಿ. ಯಾರೂ ಹಿಂದುಳಿಯದಂತೆ ನೋಡುವುದು ಅವರ ಜವಾಬ್ದಾರಿ. ಆದರೆ ಚೀಲದಿಂದ ಚಕ್ಕುಲಿ ತೆಗೆದು ತಿನ್ನುತ್ತ ಅವರೇ ಹಿಂದುಳಿಯುತ್ತಿದ್ದರು. ನನ್ನ ಹಿಂದೆಯೇ ವಿಜಯಾ.

ವಿಜಯಾ ಮೈಸೂರಿನವಳು, ಶಾಲೆಗೆ ಹೋಗುವ ಒಬ್ಬ ಮಗಳ ತಾಯಿ. ಕಾಲೇಜಿನಲ್ಲಿ ಓಟದ ಸ್ಪರ್ಧೆಗಳಿಗೆ ಹೋಗುತ್ತಿದ್ದವಳಂತೆ. ಮಸ್ಕತ್ತಿಗೆ ಬಂದ ಮೇಲೆ ಅವಳು ನಡೆದದ್ದು ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಅಂಗಡಿಗೆ. ಅವಳ ಗಂಡ ಪ್ರಸನ್ನ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಎಂಜಿನಿಯರು, ನಮ್ಮದೇ ಕಟ್ಟಡ. ನಮ್ಮ ಕಚೇರಿಯ ಅರ್ಜಿಯಲ್ಲಿ ಗಂಡನ ಸಹಿಗೂ ಒಂದು ಗೆರೆ ಇತ್ತು. ಮಿಸೆಸ್ ಬಾರ್ಕರ್ ಅದನ್ನು ಕಂಡಾಗಲೆಲ್ಲ ಕಣ್ಣು ತಿರುಗಿಸುತ್ತಿದ್ದರು, ಆದರೆ ಗೆರೆ ಹಾಗೇ ಉಳಿಯಿತು. ಆ ಒಂದು ಸಹಿಗಾಗಿ ವಿಜಯಾ ಮೂರು ತಿಂಗಳು ಕಾದಿದ್ದಳು. ಕೊನೆಗೆ ಸಹಿ ಹಾಕುವಾಗ ಪ್ರಸನ್ನ ನನ್ನನ್ನೇ ಕರೆಸಿ ಹೇಳಿದರು, "ನೋಡಿ ಮೇಡಂ, ಇವಳಿಗೆ ಆಸೆ. ಆದ್ರೆ ಒಂದು ಸಲ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಖಲಾಸ್. ಆಮೇಲೆ ನೀವೂ ಕೇಳ್ಬಾರ್ದು, ಅವಳೂ ಕೇಳ್ಬಾರ್ದು." ವಿಜಯಾ ಬಾಗಿಲ ಹಿಂದೆ ನಿಂತು ತಲೆಯಾಡಿಸುತ್ತಿದ್ದುದು ನನಗೆ ಕಾಣಿಸುತ್ತಿತ್ತು.

ಅದು ಅವಳ ನಾಲ್ಕನೇ ಬುಧವಾರ. ಗಾಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವಳು ಅವಳೇ. "ಇವತ್ತು ಮೇಲಿನ ಹಳ್ಳಿ ತನಕ ಹೋಗ್ತೀವಾ ಐರಿನ್ ಅವ್ರೇ? ಕಳೆದ ಸಲ ಅರ್ಧಕ್ಕೇ ವಾಪಸ್ ಕರ್ಕೊಂಡ್ ಬಂದ್ರಿ."

"ಹಿಲ್ಡಾ ಬಾಯಿಯ ಚಕ್ಕುಲಿ ಮುಗಿದರೆ ಹೋಗುವ."

"ಎಂತ, ನನ್ನ ಚಕ್ಕುಲಿ ಮೇಲೆ ಎಲ್ಲರ ಕಣ್ಣು" ಎಂದು ಹಿಂದಿನ ಸೀಟಿನಿಂದ ಹಿಲ್ಡಾ ಬಾಯಿ. "ನಿಮಗೆ ಕೊಡದೆ ತಿಂದಿದ್ದೇನಾ?"

ಒಂಬತ್ತಕ್ಕೆ ನಡಿಗೆ ಶುರುವಾಯಿತು. ಬೆಟ್ಟದ ಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಲ, ದಾಳಿಂಬೆ ಗಿಡ, ಖರ್ಜೂರದ ಮರ. ಅವುಗಳ ನಡುವೆ ಫಲಜ್ ಎನ್ನುವ ನೀರಿನ ಕಾಲುವೆ, ಒಂದು ಮೊಳ ಅಗಲದ್ದು. ಅದರ ಅಂಚಿನ ಮೇಲೆಯೇ ನಮ್ಮ ದಾರಿ. ಒಂದೊಂದು ಹೊಲದಲ್ಲೂ ಒಬ್ಬನಾದರೂ ಗಂಡಸು, ಗುದ್ದಲಿ ಹಿಡಿದವನೋ ನೀರು ತಿರುಗಿಸುವವನೋ. ಸಲಾಂ ಹೇಳಿ, ನಮ್ಮನ್ನು ನೋಡಬಾರದೆಂದು ಮುಖ ತಿರುಗಿಸಿ ನಿಲ್ಲುವರು. ಮರ್ಯಾದಸ್ಥರು. ಆದರೆ ಮನುಷ್ಯರಿಲ್ಲದ ಒಂದು ಮೂಲೆ ಮೂರು ತಾಸು ನಡೆದರೂ ಸಿಗದು. ಮೇಲಿನ ಕಲ್ಲುದಾರಿಗೆ ಬಂದರೆ ಮನುಷ್ಯರಿಲ್ಲ, ಆದರೆ ಒಂದು ಪೊದೆಯೂ ಇಲ್ಲ, ಸೊಂಟದೆತ್ತರದ ಬಂಡೆಯೂ ಇಲ್ಲ.

ಹತ್ತು ಗಂಟೆಗೆ ಸೀಟಿ ಊದಿದೆ. ಬಾಟಲಿಗಳು ಎದ್ದವು. ವಿಜಯಾಳ ಬಾಟಲಿ ನನ್ನ ಕಣ್ಣಿಗೆ ಬಿತ್ತು. ಮುಚ್ಚಳದ ಬುಡದ ಪ್ಲಾಸ್ಟಿಕ್ ಬಳೆ ಅಂಗಡಿಯಿಂದ ತಂದ ಹಾಗೆಯೇ ಇತ್ತು; ಒಡೆದೇ ಇರಲಿಲ್ಲ. ಮುಚ್ಚಳ ತೆರೆಯದ ಬಾಟಲಿಯನ್ನೇ ತುಟಿಗೆ ತಾಗಿಸಿ ಇಳಿಸಿದಳು. ಇತರರ ಬಾಟಲಿ ನೋಡುತ್ತಾ ಬಂದೆ. ಇನ್ನೂ ನಾಲ್ಕು ಹಾಗೆಯೇ. ಆ ಕ್ಷಣ ನಾನು ಅವಳ ಕೈ ಹಿಡಿದು ಪಕ್ಕಕ್ಕೆ ಕರೆದು ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಏಕೆಂದರೆ ಯಾಕೆ ಎಂಬುದು ಒಳಗೊಳಗೆ ನನಗೂ ಗೊತ್ತಿತ್ತು. ನಾನೂ ಬೆಳಿಗ್ಗೆ ಚಹಾ ಮಾಡಿ ನಮ್ಮವರಿಗೆ ಕೊಟ್ಟು, ಕುಡಿಯದೆ ಬಂದಿದ್ದೆ. ನಮ್ಮ ಕಾನ್ವೆಂಟಿನಲ್ಲಿ ಹುಡುಗಿಯರು ಕಿರುಬೆರಳು ಎತ್ತಿದರೆ ಸಿಸ್ಟರು ಕಣ್ಣಲ್ಲೇ ಹೋಗು ಎನ್ನುತ್ತಿದ್ದರು. ಆ ಮಾತನ್ನು ಬಾಯಿಯಲ್ಲಿ ಹೇಳಿದವರು ಯಾರೂ ಇಲ್ಲ. ನಲವತ್ತು ವರ್ಷದ ಹೆಂಗಸು, ಕೊರಳಲ್ಲಿ ಸೀಟಿ ನೇತು ಹಾಕಿಕೊಂಡವಳು, ಇನ್ನೊಬ್ಬ ಹೆಂಗಸಿನೊಡನೆ ಆ ಒಂದು ಮಾತು ಆಡಲಾರದೆ, "ಯಲ್ಲಾ, ನಡೀರಿ ನಡೀರಿ" ಎಂದೆ. ಹನ್ನೊಂದು ವರ್ಷದಲ್ಲಿ ನಾನು ಮಾಡಿದ ತಪ್ಪುಗಳು ಬಹಳ. ಇಷ್ಟು ದೊಡ್ಡದು ಇನ್ನೊಂದಿಲ್ಲ.

ಹನ್ನೊಂದೂವರೆಯ ಹೊತ್ತಿಗೆ ವಿಜಯಾಳ ಮಾತು ನಿಂತಿತ್ತು. ಬೆನ್ನ ಹಿಂದೆ ಅವಳ ಬಳೆಗಳ ಸದ್ದು ತಪ್ಪಿ ತಪ್ಪಿ ಬರುತ್ತಿತ್ತು. ತಿರುಗಿ ನೋಡಿದರೆ ಕೆನ್ನೆ ಕೆಂಪು, ತುಟಿ ಬಿಳಿ, ಹಣೆಯಲ್ಲಿ ಒಂದು ಹನಿ ಬೆವರಿಲ್ಲ. "ಸುಸ್ತಾ?" ಎಂದೆ. "ಇಲ್ಲಪ್ಪ" ಎಂದಳು. ನಾಲ್ಕು ಹೆಜ್ಜೆ ಇಟ್ಟು ಕಾಲುವೆಯ ಅಂಚಿಗೆ ಕೂತಳು. ಕೂತವಳು ಹಾಗೆಯೇ ವಾಲಿದಳು. "ಸ್ಕೂಲ್ ಬಸ್ ಬಂತಾ?" ಎಂದು ನನ್ನನ್ನೇ ಕೇಳಿದಳು.

ಗಾಡಿ ಕೆಳಗೆ, ಎರಡು ತಾಸಿನ ದಾರಿ. ಫೋನಿಲ್ಲ, ಏನಿಲ್ಲ. ಅವಳ ದುಪಟ್ಟಾ ಕಾಲುವೆಯಲ್ಲಿ ಅದ್ದಿ ಕತ್ತು, ತೋಳು, ಪಾದಗಳಿಗೆ ಸುತ್ತಿದೆವು. ಲಿಂಬೆ ಹಿಂಡಿ, ಪೊಟ್ಟಣ ಕಲಸಿ ಬಾಯಿಗಿಟ್ಟರೆ ಹಲ್ಲು ಕಚ್ಚಿಕೊಂಡಳು.

"ಕುಡಿ ಮಗಾ, ಒಂದು ಗುಟುಕು."

"ಬೇಡ."

"ಹಟ ಮಾಡಬೇಡ ವಿಜಯಾ."

ಅವಳು ಕಣ್ಣು ತೆರೆದು ನನ್ನ ಕಿವಿ ಹತ್ತಿರಕ್ಕೆ ಎಳೆದು ಪಿಸುಗುಟ್ಟಿದಳು, "ಕುಡಿದ್ರೆ ಎಲ್ಲಿಗ್ ಹೋಗ್ಲಿ? ಬೆಳಿಗ್ಗೆ ಐದರಿಂದ ತಡ್ಕೊಂಡಿದ್ದೀನಿ."

ಮೂರ್ಛೆ ಹೋಗುವ ಸ್ಥಿತಿಯಲ್ಲೂ ಪಿಸುಮಾತು! ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಅವಳ ಮೇಲೆ, ನನ್ನ ಮೇಲೆ, ರೇನ್‌ಕೋಟಿನ ಮೇಲೆ, ಆ ಪುಸ್ತಕದ ಮೇಲೆ. ಇಂಗ್ಲೆಂಡಿನಲ್ಲಿ ಎರಡು ತಾಸಿಗೊಂದು ಹೋಟೆಲು ಇರುವುದರಿಂದ ಪುಸ್ತಕದಲ್ಲಿ ಅದನ್ನು ಬರೆಯುವ ಅಗತ್ಯವೇ ಬಿದ್ದಿರಲಿಲ್ಲ ಎನ್ನುವುದು ಆಗ, ಆ ಕಲ್ಲಿನ ಮೇಲೆ ಕೂತು, ನನ್ನ ತಲೆಗೆ ಹೋಯಿತು.

ಅಷ್ಟರಲ್ಲಿ ಮೇಲಿನ ಹಳ್ಳಿಯ ಕಡೆಗೆ ಹೋಗುತ್ತಿದ್ದ ಒಬ್ಬ ಮುದುಕಿ, ತಲೆಯ ಮೇಲೆ ಹಸಿ ಹುಲ್ಲಿನ ಹೊರೆ, ನಮ್ಮನ್ನು ನೋಡಿ ನಿಂತಳು. ವಿಜಯಾಳ ಮುಖ ನೋಡಿದಳು, ಸಾಲಾಗಿ ಇಟ್ಟಿದ್ದ ತುಂಬಿದ ಬಾಟಲಿಗಳನ್ನು ನೋಡಿದಳು, ಉಳಿದ ಏಳು ಹೆಂಗಸರು ನಿಂತ ರೀತಿ ನೋಡಿದಳು. ಹೆಸರು ಊರು ಏನೂ ಕೇಳಲಿಲ್ಲ. "ಹಮ್ಮಾಂ?" ಎಂದಳು, ಬಚ್ಚಲು ಬೇಕಾ ಎಂದು. ಒಂಬತ್ತು ತಲೆಗಳು ಒಟ್ಟಿಗೆ ಆಡಿದವು; ವಿಜಯಾಳದ್ದೂ.

ಹೊರೆ ಅಲ್ಲೇ ಇಳಿಸಿ, ವಿಜಯಾಳ ಒಂದು ತೋಳು ತಾನೇ ಹಿಡಿದು, ಹತ್ತು ನಿಮಿಷದಲ್ಲಿ ಮಣ್ಣಿನ ಗೋಡೆಯ ತನ್ನ ಮನೆಗೆ ಮುಟ್ಟಿಸಿದಳು. ಅಂಗಳದ ಮೂಲೆಯಲ್ಲಿ ತಗಡಿನ ಬಾಗಿಲು. ಮೊದಲು ವಿಜಯಾ. ಅವಳ ಹಿಂದೆ ಸಾಲು. ಹೊರಬಂದ ವಿಜಯಾ ನೆರಳಲ್ಲಿ ಕೂತು ಲಿಂಬೆ ನೀರು ಕುಡಿದಳು, ಆಮೇಲೆ ಮುದುಕಿ ತಂದ ಮಜ್ಜಿಗೆ ಕುಡಿದಳು, ಮತ್ತೆ ನೀರು. ಬಾಟಲಿಗಳ ಮುಚ್ಚಳ ಒಡೆಯುವ ಕರಕರ ಸದ್ದು ಅಂಗಳದ ತುಂಬಾ. ಹಿಲ್ಡಾ ಬಾಯಿ ಒಬ್ಬರೇ ಎರಡು ಸಲ ಸಾಲಿನಲ್ಲಿ ನಿಂತರು. "ಎಂತ ನೋಡ್ತೀರಿ? ಮನೆಗೆ ಇನ್ನೂ ನಾಲ್ಕು ತಾಸು ಉಂಟು" ಎಂದರು. ಮುದುಕಿಗೆ ನಗು ತಡೆಯಲಾಗಲಿಲ್ಲ. ಹಲ್ಲಿಲ್ಲದ ಬಾಯಿಗೆ ತಲೆವಸ್ತ್ರದ ತುದಿ ಅಡ್ಡ ಹಿಡಿದು ನಕ್ಕಳು. ಒಂದು ತಾಸಿನಲ್ಲಿ ವಿಜಯಾಳ ಹಣೆಯಲ್ಲಿ ಬೆವರು ಮೂಡಿತು. ಬೆವರು ಕಂಡು ಅಷ್ಟು ಸಂತೋಷ ಪಟ್ಟದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಮುದುಕಿಯ ಮೊಮ್ಮಗನೊಬ್ಬ ಮನೆಯ ಹಿಂದಿನ ಕಚ್ಚಾ ರಸ್ತೆಗೆ ಗಾಡಿಗಳ ಸಮೇತ ಸಲೀಮನನ್ನು ಕರೆದು ತಂದ.

ಹಿಂದಿರುಗುವಾಗ ನಿಜ್ವಾದಲ್ಲಿ ಡಾಕ್ಟರಿಗೆ ತೋರಿಸಿದೆವು. ಅಪಾಯವಿಲ್ಲ, ನೀರು ಕುಡಿಯಲಿ, ಮಲಗಲಿ ಎಂದರು. ಅಲ್ಲಿಂದ ಮುಂದೆ ಗಾಡಿಯಲ್ಲಿ ವಿಜಯಾ ನನ್ನ ಕೈ ಬಿಡಲಿಲ್ಲ.

"ನಮ್ಮನೆಯವ್ರಿಗೆ ಹೇಳ್ಬೇಡಿ ಐರಿನ್ ಅವ್ರೇ. ನಿಮ್ ದಮ್ಮಯ್ಯ."

"ಹೇಳದಿದ್ದರೆ ಹೇಗೆ? ಮನೆಯಲ್ಲಿ ತಲೆ ಸುತ್ತಿ ಬಿದ್ದರೆ?"

"ಬೀಳಲ್ಲ. ಈಗ ಸರಿಯಾಗಿದ್ದೀನಲ್ಲ. ಹೇಳಿದ್ರೆ ಮುಗೀತು. ನನ್ ಬುಧವಾರ ಮುಗೀತು."

ನಿಯಮಗಳ ಪುಸ್ತಕದಲ್ಲಿ ಸರಿಯಾದ ಒಂದು ನಿಯಮವಿತ್ತು: ಗುಂಪಿನಲ್ಲಿ ಯಾರಿಗೆ ಏನೇ ಆದರೂ ಮನೆಯವರಿಗೆ ಅದೇ ದಿನ ಹೇಳಬೇಕು. ನಾನು ಹೇಳಲೇಬೇಕು ಎಂದೆ. ಅವಳು ಕೈ ಬಿಟ್ಟಳು. ಕಿಟಕಿಯ ಕಡೆ ಮುಖ ಮಾಡಿದವಳು ಅಲ್ ಗುಬ್ರಾ ಬರುವವರೆಗೆ ತಿರುಗಲಿಲ್ಲ. ಹುಡುಗಿಯರೇ, ಈ ಕೆಲಸದಲ್ಲಿ ಕಾಲು ನೋಯುವುದು ದೊಡ್ಡದಲ್ಲ, ಅದಕ್ಕೆ ಮುಲಾಮು ಉಂಟು.

ಬಾಗಿಲು ತೆರೆದದ್ದು ಪ್ರಸನ್ನ, ಡ್ಯೂಟಿ ಮುಗಿಸಿ ಆಗ ತಾನೇ ಬಂದವರು. ವಿಜಯಾ ತಲೆ ತಗ್ಗಿಸಿ ಒಳಗೆ ಹೋದಳು. ನಾನು ಹೊಸ್ತಿಲಲ್ಲೇ ನಿಂತು ಆದದ್ದನ್ನೆಲ್ಲ ಹೇಳಿದೆ, ಡಾಕ್ಟರ ಚೀಟಿ ಕೊಟ್ಟೆ. ಅವರು ಎರಡು ಸಲ ಓದಿದರು.

"ಕೈಲಿ ಬಾಟ್ಲಿ ಇತ್ತು ಅಂತೀರಿ."

"ಇತ್ತು."

"ಪಕ್ಕದಲ್ಲೇ ಕಾಲುವೆ ಹರೀತಿತ್ತು ಅಂತೀರಿ."

"ಹೌದು."

"ಮತ್ತೆ ಯಾಕ್ ಕುಡೀಲಿಲ್ಲ? ಇವಳೇನು ಚಿಕ್ಕ ಮಗುನಾ? ಇದಕ್ಕೇ ನಾನು ಮೊದ್ಲೇ ಹೇಳಿದ್ದು ಮೇಡಂ."

ಬಿಸಿಲು ಜಾಸ್ತಿ ಇತ್ತು ಎನ್ನಬಹುದಿತ್ತು. ಮರೆತಳು ಎನ್ನಬಹುದಿತ್ತು. ಒಳಗಿನ ಕೋಣೆಯ ಪರದೆಯ ಕೆಳಗೆ ವಿಜಯಾಳ ಪಾದಗಳು ಕಾಣುತ್ತಿದ್ದವು, ಧೂಳು ಮೆತ್ತಿದ್ದು ಹಾಗೇ. ನಾನು ಪ್ರಸನ್ನರ ಅಂಗಿಯ ಗುಂಡಿ ನೋಡುತ್ತಾ ಹೇಳಿದೆ, "ಯಾಕೆಂದರೆ ಒಂದಕ್ಕೆ ಹೋಗ್ಲಿಕ್ಕೆ ಜಾಗ ಇಲ್ಲ. ದಾರಿಯಲ್ಲಿ ಎಲ್ಲಿಯೂ ಮರೆ ಇಲ್ಲ. ಅದಕ್ಕೇ ನಮ್ಮಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಅವಳೊಬ್ಬಳೇ ಅಲ್ಲ. ನಾನೂ ಕುಡಿಯುವುದಿಲ್ಲ. ಅವಳದ್ದು ತಪ್ಪಿಲ್ಲ, ತಪ್ಪು ನನ್ನದು, ಗೊತ್ತಿದ್ದೂ ಬಾಯಿ ಬಿಡಲಿಲ್ಲ."

ಕಿವಿಯ ತುದಿ ಸುಡುತ್ತಿತ್ತು. ಪರಗಂಡಸಿನ ಎದುರು ಇಂಥ ಮಾತು ನಾನು ಅದುವರೆಗೆ ಆಡಿದವಳಲ್ಲ. ಪ್ರಸನ್ನ ಚೀಟಿಯನ್ನು ಮಡಚಿದರು, ಮತ್ತೆ ಬಿಚ್ಚಿದರು.

"ನಿಮ್ಮ ಕಂಪನಿ ಏನು ವ್ಯವಸ್ಥೆ ಮಾಡಿದೆ ಅದಕ್ಕೆ?"

"ಏನೂ ಇಲ್ಲ."

"ಏನೂ ಇಲ್ವಾ?"

"ಇಲ್ಲ."

"ಹ್ಞೂಂ" ಎಂದರು. ಬಾಗಿಲು ಹಾಕಿಕೊಂಡರು.

ಮನೆಗೆ ಬಂದೆ. ಸಿಂಕಿನಲ್ಲಿ ಬೆಳಗಿನ ಪಾತ್ರೆ ಹಾಗೇ ಬಿದ್ದಿತ್ತು, ಮಕ್ಕಳು ಸಾಕ್ಸನ್ನು ಸೋಫಾದ ಮೇಲೆಯೇ ಬಿಚ್ಚಿಹಾಕಿದ್ದರು. ನಮ್ಮವರು, "ಇಷ್ಟು ತಡ ಯಾಕೆ?" ಎಂದರು. ನಾಳೆಯೇ ಮಿಸೆಸ್ ಬಾರ್ಕರರ ಮೇಜಿನ ಮೇಲೆ ಸೀಟಿ ಇಟ್ಟು ಬರುವುದೆಂದು ತೀರ್ಮಾನ ಮಾಡಿಕೊಂಡೇ ಪಾತ್ರೆ ತಿಕ್ಕಿದೆ. ಒಬ್ಬಳ ಮುಖ ಒಂದು ವಾರ ಅರಳಿಸಿ, ಮರುವಾರ ನಾನೇ ಹೋಗಿ ಬಾಗಿಲು ಹಾಕಿಸುವ ಇಂಥ ಕೆಲಸ ಯಾರಿಗೆ ಬೇಕು? ಅವಳು ಮತ್ತೆ ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಅಂಗಡಿಗೆ.

ಏಳು ಗಂಟೆಗೆ ಕಸದ ಚೀಲ ಇಡಲು ಬಾಗಿಲು ತೆರೆದರೆ ಎದುರು ಫ್ಲ್ಯಾಟಿನ ಶಾರದಕ್ಕ ಕೆಳಗಿನಿಂದ ಮೇಲೆ ಬರುತ್ತಿದ್ದರು, ಉಡುಪಿಯವರು, ಕೈಯಲ್ಲಿ ಕೊತ್ತಂಬರಿ ಕಟ್ಟು. ಲಿಫ್ಟು ಕೆಟ್ಟಿತ್ತೋ ಏನೋ, ಏದುಸಿರು ಬಿಡುತ್ತಾ ಬಾಗಿಲ ಬೀಗಕ್ಕೆ ಕೀಲಿ ಹಾಕಿದರು.

"ಐರಿನ್ ಬಾಯಿ, ಆ ಮೈಸೂರಿನ ಎಂಜಿನಿಯರ್ ಎಂತ ಕೆಳಗೆ ಪಾರ್ಕಿಂಗಿನಲ್ಲಿ ಕೂತು ಪೈಪ್ ಕೊಯ್ಯುವುದು? ಇಷ್ಟುದ್ದದ ಪೈಪ್, ನಾಲ್ಕು. ನನ್ನ ಹತ್ತಿರ ಹಳೇ ಬೆಡ್‌ಶೀಟ್ ಉಂಟಾ ಕೇಳಿದ್ರು. ಬಿಳಿದು ಬೇಡವಂತೆ, ಬೆಳಕು ಬಿದ್ರೂ ಒಳಗಿನದ್ದು ಕಾಣದ ಹಾಗೆ ದಪ್ಪದ್ದೇ ಆಗಬೇಕಂತೆ, ಬುಧವಾರದ ಒಳಗೆ ಬೇಕಂತೆ. ಎಂತ, ನಿಮ್ಮ ಹೆಂಗಸರದ್ದು ನಾಟಕ ಎಂತಾದ್ರೂ ಉಂಟಾ?"